ಬಚ್ಚಲೊಲೆಯ ಪಕ್ಕದ ಬೆಕ್ಕು

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ಸೀತಾಲಕ್ಷ್ಮಿ ಹಿತ್ತಲ ಬಾಗಿಲು ತೆಗೆದಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ರಕ್ತ ಕಂಡಿತು. ಕುಂಕುಮದ ನೀರು ಚೆಲ್ಲಿರಬೇಕು ಅಂದುಕೊಂಡಳು. ಈರುಳ್ಳಿ ಕೂಡ ಹೊಸ್ತಿಲು ದಾಟದ ಮನೆಯ ಹಿತ್ತಲಿನಲ್ಲಿ ರಕ್ತ ಎಲ್ಲಿಂದ ಬರಬೇಕು? ಆದರೆ ಆ ಕೆಂಪು ಗೆರೆ ಕಲ್ಲಿನಿಂದ ಇಳಿದು, ನೆಲದ ಮೇಲೆ ಹನಿಹನಿಯಾಗಿ ಸೌದೆ ರಾಶಿಯವರೆಗೂ ಹೋಗಿತ್ತು. ಸೌದೆಯ ಸಂದಿಯಲ್ಲಿ ಎರಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಆ ಬೂದು ಪಟ್ಟೆಯ ಬೆಕ್ಕು ಅವಳಿಗೆ ಗುರುತಿನದೇ. ಹಲಸೂರಿನ ಆ ಬೀದಿಗೆಲ್ಲ ಸೇರಿದ್ದು, ಯಾರ ಮನೆಯದೂ ಅಲ್ಲ. ಹಿಂದಿನ ಮನೆಯ ಖುರ್ಷೀದಾ ಅದನ್ನು ಮಾನೋ ಎಂದು ಕರೆದು ಮೀನಿನ ತಲೆ ಹಾಕುತ್ತಿದ್ದಳು. ಸೀತೆ ಅತ್ತೆಯ ಕಣ್ಣು ತಪ್ಪಿಸಿ ಹಾಲಿನ ಕೆನೆ ಹಾಕುತ್ತಿದ್ದಳು. ಇವತ್ತೂ ತಟ್ಟೆಯಲ್ಲಿ ಹಾಲಿಟ್ಟು ಪುಸಲಾಯಿಸಿದಳು. ಬೆಕ್ಕು ಹೊರಗೆ ತೆವಳಿ ಬಂತು. ಬಾಲದ ಅರ್ಧಕ್ಕೆ ಚರ್ಮವೇ ಇರಲಿಲ್ಲ. ಕಾಲುಚೀಲ ಕಳಚಿದ ಹಾಗೆ ರೋಮ, ಚರ್ಮ ಎಲ್ಲ ಸುಲಿದುಹೋಗಿ, ಒಳಗಿನ ಮೂಳೆ ಗಂಟುಗಂಟಾಗಿ ಬೆಳ್ಳಗೆ ಕಾಣುತ್ತಿತ್ತು.  ಸೀತೆ ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಹಸಿ ನೆಲದ ಮೇಲೆ ಹಾಗೇ ಕುಳಿತುಬಿಟ್ಟಳು.

ಅವಳು ಹಾಗೆಲ್ಲ ಕೂರಬಾರದಿತ್ತು. ಹಿಂದೆ ಎರಡು ಸಲ ಬಸುರು ನಿಂತು, ಎರಡು ಸಲವೂ ಕೈಗೆ ದಕ್ಕಿರಲಿಲ್ಲ. ಈ ಸಲ ಏಳನೆಯದು ತುಂಬಿದ್ದೇ ದೊಡ್ಡದು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದರು.

ಎಲ್ಲರೂ ಎಂದರೆ ಇನ್ನಿಬ್ಬರು. ಒಬ್ಬರು ಅತ್ತೆ ಯಶೋದಮ್ಮ. ಕೆಂಪು ಸೀರೆಯ ಮಡಿ ಹೆಂಗಸು. ಸೊಸೆಯ ಸೆರಗು ಸೋಕಿದರೂ ಇನ್ನೊಂದು ಸಲ ಸ್ನಾನ ಮಾಡುವವರು, ಅಂಗಡಿಯ ಬೆಲ್ಲವನ್ನೂ ತೊಳೆದು ಒಳಗೆ ತೆಗೆದುಕೊಳ್ಳುವವರು. ಇನ್ನೊಬ್ಬ ಅವರ ಒಬ್ಬನೇ ಮಗ, ಸೀತೆಯ ಗಂಡ. ಹೆಸರೇನೋ ಯಜ್ಞನಾರಾಯಣ. ಆದರೆ ಯಜ್ಞದ ಹೊಗೆ ಕಂಡರೇ ಕೆಮ್ಮು ಬರುತ್ತದೆ ಎನ್ನುವ ಮನುಷ್ಯ. ಟಿನ್ ಫ್ಯಾಕ್ಟರಿ ದಾಟಿ, ಕೃಷ್ಣರಾಜಪುರದ ಕಡೆಗಿದ್ದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ದಿನವೂ ಹಳೆಯ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದ. ಕೂದಲೆಳೆಯ ದಪ್ಪವನ್ನೂ ಅಳೆಯುವ ಉಪಕರಣ ಕೈಯಲ್ಲಿ ಹಿಡಿಯುತ್ತಿದ್ದುದರಿಂದ, ಅಳತೆಗೆ ಸಿಕ್ಕದ ಯಾವುದೂ ಪ್ರಪಂಚದಲ್ಲಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದ. ಬಸುರಿಯ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು, ಹೆಣ ಹೊರಬಾರದು, ಮರ ಕಡಿಯಬಾರದು, ಯಾವ ಪ್ರಾಣಿಯ ಮೈಯಿಂದಲೂ ರಕ್ತ ಬರಿಸಬಾರದು, ಹುಟ್ಟುವ ಮಗುವಿಗೆ ತಗಲುತ್ತದೆ ಎಂದು ತಾಯಿ ನೆನಪಿಸಿದ ಮಾರನೆಯ ದಿನವೇ ಹಲಸೂರು ಮಾರ್ಕೆಟ್ಟಿನ ಸಲೂನಿಗೆ ಹೋಗಿ, ಮಿಲಿಟರಿಯವರ ಹಾಗೆ ಕೂದಲು ಕತ್ತರಿಸಿಕೊಂಡು, ಕತ್ತಿಗೆ ಪೌಡರ್ ಹಾಕಿಸಿಕೊಂಡು ಸೀಟಿ ಹೊಡೆಯುತ್ತ ಬಂದಿದ್ದ. ಯಶೋದಮ್ಮ ಸ್ನಾನಕ್ಕೆ ನೀರು ಕಾಯಿಸಿದರು ಅಷ್ಟೆ. ಸೀತೆಗೆ ಒಳಗೊಳಗೇ ಗಂಡನ ಧೈರ್ಯದ ಬಗ್ಗೆ ಹೆಮ್ಮೆಯೇ ಆಗಿತ್ತು.

ಬೆಕ್ಕನ್ನು ಬಚ್ಚಲುಮನೆಯಲ್ಲಿ ಇಟ್ಟುಕೊಳ್ಳಲು ಅತ್ತೆಯ ಒಪ್ಪಿಗೆ ಪಡೆಯುವುದೇ ಒಂದು ಹೋರಾಟವಾಯಿತು. ಒಳಮನೆಗೆ ಬರಕೂಡದು, ನೀರಿನ ಹಂಡೆ ಮುಟ್ಟಕೂಡದು, ಒಲೆಯ ಪಕ್ಕದ ಮೂಲೆ ಬಿಟ್ಟು ಕದಲಕೂಡದು ಎಂದು ಯಶೋದಮ್ಮ ಬೆಕ್ಕಿಗೇ ಹೇಳುವ ಹಾಗೆ ಹೇಳಿದರು. ಸೀತೆ ಮಾವಿನಹಣ್ಣಿನ ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ ಅದನ್ನು ಮಲಗಿಸಿದಳು. ಗಾಯಕ್ಕೆ ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ, ಮೆತ್ತನೆಯ ಬಟ್ಟೆ ಸುತ್ತಿದಳು. ಗೋಡೆಯಾಚೆಯಿಂದ ಬಂದ ಖುರ್ಷೀದಾ ಹಿಡಿದುಕೊಳ್ಳಲು ಕೈ ಚಾಚಿದಾಗ ಮಾನೋ ಅವಳ ಹೆಬ್ಬೆರಳಿಗೆ ಹಲ್ಲು ಇಳಿಸಿತು. ಮೀನಿನ ತಲೆಯ ಋಣವನ್ನೂ ನೋವು ಮರೆಸಿಬಿಟ್ಟಿತ್ತು. ಸೀತೆಯನ್ನು ಮಾತ್ರ ಏನೂ ಮಾಡಲಿಲ್ಲ.

ಬೆಳಗಿನ ಶಿಫ್ಟ್ ಮುಗಿಸಿ ಮಧ್ಯಾಹ್ನ ಬಂದ ಗಂಡನಿಗೆ ಕಾಫಿ ಕೊಡುತ್ತ ಸೀತೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಬೆಳಗಿನಿಂದ ಅದುಮಿಟ್ಟಿದ್ದ ಸಂಕಟ ಸಿಟ್ಟಾಗಿ ಹೊರಗೆ ಬಂತು. ಯಾವನೋ ಬಾಗಿಲಿಗೆ ಸಿಕ್ಕಿಸಿ ಎಳೆದಿರಬೇಕು, ಮೋಜಿಗೆ ಮಾಡಿರಬೇಕು. ಜನ್ಮದಲ್ಲಿ ಯಾರನ್ನೂ ಒಂದು ಕೆಟ್ಟ ಮಾತು ಅಂದವಳಲ್ಲ ಸೀತೆ. ಅವತ್ತು ಅವಳ ಬಾಯಲ್ಲಿ ಏನು ಬಂತೋ ಬಂತು.

"ಇದನ್ನ ಮಾಡ್ದೋನ ವಂಶ ನಿರ್ವಂಶ ಆಗ್ಲಿ."

ಯಜ್ಞನಾರಾಯಣನ ಕೈಯಲ್ಲಿದ್ದ ಲೋಟ ಅಲುಗಿ ಕಾಫಿ ಅಂಗಿಯ ಮೇಲೆಲ್ಲ ಚೆಲ್ಲಿತು. ತುಂಬ ಬಿಸಿ ಇತ್ತು ಎಂದು ಹೇಳಿ ಅವನು ಅಂಗಿ ಬದಲಿಸಲು ಎದ್ದುಹೋದ. ಅಡಿಗೆಮನೆಯಲ್ಲಿದ್ದ ಸೀತೆಗೆ ತಾನು ಆಡಿದ ಮಾತಿಗೆ ತನಗೇ ಸ್ವಲ್ಪ ನಾಚಿಕೆಯಾಯಿತು, ಆದರೆ ಅದು ಸರಿಯಾದವನಿಗೇ ತಗಲುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಅವತ್ತು ಸಂಜೆಯೇ ಅವನು ಕೇಳದೆಯೇ ಔಷಧದ ಅಂಗಡಿಗೆ ಹೋಗಿ ಬೋರಿಕ್ ಪೌಡರು, ಹತ್ತಿ, ಡೆಟಾಲು ತಂದ. ಸೀತೆ ಗಾಯ ತೊಳೆಯುವಾಗ ಬೆಕ್ಕಿನ ಮುಂಗಾಲು ಹಿಡಿದುಕೊಂಡು, ಅದರ ಕಿವಿಯ ಹಿಂದೆ ಸವರುತ್ತ ಕುಳಿತ. ಇಂಕು ತುಂಬುವ ಗಾಜಿನ ಕೊಳವೆಯನ್ನು ತೊಳೆದು ತಾನೇ ಹಾಲು ಹನಿಸಿದ. ಬೆಕ್ಕು ಇಲಿ ಹಿಡಿಯುವ ಸಾಮಾನು ಎಂದು ಹಿಂದೆ ಹೇಳುತ್ತಿದ್ದ ಮನುಷ್ಯ ಹೀಗೆ ಮೃದುವಾದದ್ದು ಕಂಡು ಸೀತೆಯ ಕಣ್ಣಲ್ಲಿ ನೀರು ಬಂತು. ತಂದೆಯಾಗುವ ಕಾಲಕ್ಕೆ ಗಂಡಸರು ಬದಲಾಗುತ್ತಾರೆ ಎಂದು ತಾಯಿ ಹೇಳಿದ್ದು ನೆನಪಾಯಿತು. ಅವನು ಗಡ್ಡ ಹೆರೆಯುವುದನ್ನು ನಿಲ್ಲಿಸಿದ್ದನ್ನೂ ಅವಳು ಗಮನಿಸಿದಳು, ಆದರೆ ಅಂಗಡಿಯಲ್ಲಿ ಬ್ಲೇಡು ಸಿಗುತ್ತಿಲ್ಲ ಎಂದು ಅವನು ಹೇಳಿದ್ದನ್ನು ನಂಬಿದಳು. ಆ ಕಾಲದಲ್ಲಿ ಏನು ತಾನೇ ಸರಿಯಾಗಿ ಸಿಗುತ್ತಿತ್ತು?

ಎರಡು ಮೂರು ದಿನದಲ್ಲಿ ವಾಸನೆ ಶುರುವಾಯಿತು. ಮೊದಲು ಬಚ್ಚಲಲ್ಲಿ, ಆಮೇಲೆ ನಡುಮನೆಯಲ್ಲಿ. ದೇವರಮನೆಯವರೆಗೂ ಬರುತ್ತಿದೆ ಎಂದು ಯಶೋದಮ್ಮ ಮೂಗಿಗೆ ಸೆರಗು ಹಿಡಿದು ಹೇಳಿದರು. ಸೀತೆ ಬಟ್ಟೆ ಬಿಚ್ಚಿದಳು. ಬಿಳಿಯ ಮೂಳೆ ಕಪ್ಪಾಗಿತ್ತು. ಅದಕ್ಕಿಂತ ಮೇಲೆ, ಚರ್ಮ ಇದ್ದ ಭಾಗವೂ ನೀಲಿಗಟ್ಟಿ ಊದಿಕೊಂಡಿತ್ತು. ಬಟ್ಟೆಯೊಳಗೆ ಇರುವೆಗಳಿದ್ದವು.  ಇಷ್ಟು ದಿನ ತಾನು ಕೊಳೆಯುವುದನ್ನು ಜೋಪಾನವಾಗಿ ಸುತ್ತಿಟ್ಟಿದ್ದೆ ಎಂದು ಅವಳಿಗೆ ಹೊಳೆಯಿತು.

ಅವತ್ತೇ ಗಂಡಹೆಂಡಿರಿಬ್ಬರೂ ಆಟೋ ಹಿಡಿದು, ಬುಟ್ಟಿ ಸಮೇತ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ದನದ ಆಸ್ಪತ್ರೆಗೆ ಹೋದರು. ಎತ್ತು, ಎಮ್ಮೆ, ಬ್ರಿಟಿಷರ ಕಾಲದಿಂದ ಅಲ್ಲೇ ಉಳಿದವರ ನಾಯಿಗಳ ನಡುವೆ ಬುಟ್ಟಿ ಹಿಡಿದು ಕಾದರು. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಬಾಲವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಹೇಗಾಯಿತು ಎಂದು ಕೇಳಿದರು. ಯಾರೋ ಪಾಪಿಗಳು ಬಾಗಿಲಿಗೆ ಸಿಕ್ಕಿಸಿರಬೇಕು ಎಂದಳು ಸೀತೆ. ಡಾಕ್ಟರು ಅಲ್ಲ ಎಂದು ತಲೆಯಾಡಿಸಿದರು. ಬಾಗಿಲಿಗೆ ಸಿಕ್ಕಿದ್ದರೆ ಜಜ್ಜಿರುತ್ತಿತ್ತು, ಇದು ಸುತ್ತಿಕೊಂಡು ಸುಲಿದದ್ದು, ಯಾವುದೋ ತಿರುಗುವ ಮಿಷಿನ್ನು ಇರಬೇಕು ಎಂದರು.

"ಸ್ಕೂಟರ್ ಫ್ಯಾನು," ಎಂದ ಯಜ್ಞನಾರಾಯಣ.

ಸೀತೆ ಗಂಡನ ಕಡೆ ತಿರುಗಿದಳು. ಅವನು ಮೇಜಿನ ಕಾಲನ್ನು ನೋಡುತ್ತಿದ್ದ. ಇಂಜಿನ್ನಿನ ಫ್ಯಾನಿಗೆ ಇದ್ದ ತಗಡು ಕಳಚಿ ತಿಂಗಳಾಗಿತ್ತು, ಹಾಕಿಸಬೇಕು ಎನ್ನುತ್ತಲೇ ಇದ್ದೆ, ಬೆಕ್ಕು ಚಳಿಗೆ ಅದರೊಳಗೆ ಸೇರಿಕೊಂಡಿದ್ದು ಗೊತ್ತಾಗಲಿಲ್ಲ, ಅವತ್ತು ಬೆಳಗಿನ ಜಾವ ಕೆಲಸಕ್ಕೆ ಹೊರಡಲು ಕಿಕ್ ಹೊಡೆದೆ, ಕೂಗು ಕೇಳಿಸಿತು ಎಂದು ಅವನು ಡಾಕ್ಟರಿಗೆ ಹೇಳಿದ. ರಕ್ತವನ್ನು ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ದಾರಿಯಲ್ಲಿ ಎಸೆದನಂತೆ. ಹೆಂಡತಿಗೆ ಹೇಳಿದ್ದಲ್ಲ, ಡಾಕ್ಟರಿಗೆ ಹೇಳಿದ್ದು. ಸೀತೆ ಪಕ್ಕದಲ್ಲಿ ನಿಂತು ಬೇರೆ ಯಾರದೋ ಮನೆಯ ಸಂಗತಿಯ ಹಾಗೆ ಕೇಳಿದಳು. 

ಡಾಕ್ಟರಿಗೆ ಇದರಲ್ಲೆಲ್ಲ ಆಸಕ್ತಿಯಿರಲಿಲ್ಲ. ಬಾಲವನ್ನು ಬುಡದಲ್ಲೇ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಕೊಳೆ ಬೆನ್ನುಮೂಳೆಗೆ ಏರಿ ಬೆಕ್ಕು ಸಾಯುತ್ತದೆ, ಮರಗಟ್ಟುವ ಇಂಜೆಕ್ಷನ್ ಕೊಡುತ್ತೇನೆ, ಆದರೂ ಮನೆಯವರು ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂದರು. ಈಗಲೇ ಮುಗಿಸಿಬಿಡೋಣ ಎಂದು ತೋಳು ಮಡಿಸಲು ಶುರುಮಾಡಿದರು.

"ಬೇಡ ಸಾರ್," ಎಂದ ಯಜ್ಞನಾರಾಯಣ. "ಇವ್ಳಿಗೆ ಏಳು ತಿಂಗ್ಳು."

ಡಾಕ್ಟರು ಅವನ ಮುಖ ನೋಡಿದರು, ಆಮೇಲೆ ಸೀತೆಯ ಹೊಟ್ಟೆ ನೋಡಿದರು. ಇಂಥದ್ದನ್ನು ಅವರು ಮೊದಲೂ ಕಂಡಿರಬೇಕು, ವಾದ ಮಾಡಲಿಲ್ಲ. ಎರಡು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ, ಮನಸ್ಸು ಬದಲಾದರೆ ಬನ್ನಿ ಎಂದು ತೋಳು ಇಳಿಸಿಕೊಂಡರು.

ವಾಪಸ್ಸು ಬರುವಾಗ ಆಟೋದಲ್ಲಿ ಸೀತೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತ ಕುಳಿತಳು. ಗಂಡ ಸುಳ್ಳು ಹೇಳಿದ ಎಂಬುದು ಒಂದು ಕಡೆ. ಅಷ್ಟು ದಿನ ತನ್ನ ಪಕ್ಕದಲ್ಲೇ ಕುಳಿತು, ಬೆಕ್ಕಿನ ಕಿವಿ ಸವರುತ್ತ, ಅದನ್ನು ಮಾಡಿದವನನ್ನು ತಾನು ಪಾಪಿ, ನೀಚ ಎಂದು ಬೈದಾಗಲೆಲ್ಲ ಹೂಂಗುಟ್ಟಿದನಲ್ಲ. ಆದರೆ ಅದಲ್ಲ ಅವಳನ್ನು ಕಲ್ಲಾಗಿಸಿದ್ದು. ಆಟೋ ಹಲಸೂರು ಕೆರೆಯ ಏರಿಯ ಹತ್ತಿರ ತಿರುಗುವಾಗ ಅವಳಿಗೆ ತನ್ನದೇ ಮಾತು ಕಿವಿಯಲ್ಲಿ ಕೇಳಿಸಿತು. ಇದನ್ನ ಮಾಡಿದವನ ವಂಶ. ಆ ವಂಶ ಅವಳ ಮಡಿಲಲ್ಲೇ ಇತ್ತು, ಬೆಕ್ಕಿನ ಬುಟ್ಟಿಗೆ ಒತ್ತಿಕೊಂಡು. ಏಳು ತಿಂಗಳ ಬಸುರಿ ತನ್ನ ಮಗುವಿಗೆ ತಾನೇ ಬಾಯಾರೆ ಶಾಪ ಹಾಕಿದ್ದಳು.

ಮನೆಗೆ ಬಂದವಳೇ ತುಳಸಿಕಟ್ಟೆಯ ಹತ್ತಿರ ಇದ್ದ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಸ್ಕೂಟರು, ರಕ್ತ ಒರೆಸಿದ ಬಟ್ಟೆ, ಡಾಕ್ಟರು ಹೇಳಿದ್ದು, ತಾನು ಅಂದದ್ದು. ಮಗ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಯಶೋದಮ್ಮ ಮಗನನ್ನು ಬೈಯಲಿಲ್ಲ. ಅವರು ಕೇಳಿದ್ದು ಒಂದೇ ಮಾತು.

"ಬಾಯ್ಬಿಟ್ಟು ಅಂದ್ಯಾ, ಮನಸ್ಸಲ್ಲಿ ಅಂದ್ಕೊಂಡ್ಯಾ?"

"ಬಾಯ್ಬಿಟ್ಟೇ ಅಂದೆ ಅತ್ತೆ."

 ಯಶೋದಮ್ಮ ಒಳಗೆ ಹೋಗಿ ಜಪದ ಮಣೆಯ ಮೇಲೆ ಕುಳಿತವರು ಊಟದ ಹೊತ್ತಾದರೂ ಏಳಲಿಲ್ಲ.

ಸಂಜೆ ಸೀತೆ ಗಂಡನನ್ನು ಹಿಡಿದು ಕೇಳಿದಳು. ಯಾವುದನ್ನೂ ನಂಬುವುದಿಲ್ಲ ಎನ್ನುತ್ತಿದ್ದ ನೀವು ಬೆಕ್ಕನ್ನು ಸಾಯಲು ಬಿಟ್ಟಿದ್ದೀರಲ್ಲ ಎಂದಳು. ಮಗು ಹುಟ್ಟಲಿ, ಆಮೇಲೆ ನೋಡೋಣ ಎಂದು ಅವನು ಶುರುಮಾಡಿದ. ಆಮೇಲೆ ಅಂದರೆ ಯಾವಾಗ, ಅದು ನಾಡಿದ್ದಿಗೆ ಸಾಯುತ್ತದೆ ಎಂದಳು. ಖುರ್ಷೀದಾಳ ಕೈಲಿ ಕಳಿಸೋಣ ಎಂದರೆ, ನಾನು ಹೇಳಿ ಕಳಿಸಿದರೂ ಕತ್ತರಿಸಿದ್ದು ನಾನೇ ಆದ ಹಾಗಲ್ಲವೇ ಎಂದ. ಶಾಸ್ತ್ರವನ್ನು ಹೀಗೆ ಅರೆದು ಕುಡಿದ ನಾಸ್ತಿಕನನ್ನು ಅವಳು ಇದೇ ಮೊದಲು ನೋಡುತ್ತಿದ್ದಳು. ಸಿಟ್ಟಿನಲ್ಲಿ ಇನ್ನೇನೋ ಅನ್ನುವಷ್ಟರಲ್ಲಿ ಅವನ ಮುಖ ಕಂಡು ನಿಲ್ಲಿಸಿದಳು. ಬೆಳೆದ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ನಾನೇನೂ ನಂಬಲ್ಲ ಸೀತಾ. ಆದ್ರೆ ಎರಡು ಸಲ ಹೋಯ್ತಲ್ಲ. ಈ ಸಲ ನಂಬ್ದೇ ಇರೋಕೆ ನಂಗೆ ಧೈರ್ಯ ಇಲ್ಲ."

ಅವನ ಮೇಲೆ ಇಟ್ಟುಕೊಂಡಿದ್ದ ಹೆಮ್ಮೆಯೆಲ್ಲ ಕುಸಿದುಬಿದ್ದು, ಆ ಜಾಗದಲ್ಲಿ ಬರೀ ಕರುಣೆ ಉಳಿಯಿತು. ಆದರೆ ಕರುಣೆಯಿಂದ ಬೆಕ್ಕು ಬದುಕುವುದಿಲ್ಲ. ಗಂಡ ಹಿಡಿಯದಿದ್ದರೆ ತಾನೇ ಹಿಡಿಯುತ್ತೇನೆ ಎಂದು ಸೀತೆ ಗಟ್ಟಿ ಮಾಡಿಕೊಂಡಳು. ಗೋಡೆಯ ಹತ್ತಿರ ಹೋಗಿ ಖುರ್ಷೀದಾಳನ್ನು ಕರೆದು, ಬೆಳಿಗ್ಗೆ ಇವರು ಕೆಲಸಕ್ಕೆ ಹೋದಮೇಲೆ ಇಬ್ಬರೂ ಹೋಗಿಬರೋಣ ಎಂದು ಹೇಳಿದಳು. ಖುರ್ಷೀದಾಳ ಗಂಡ ಅಸ್ಗರನಿಗೆ ಶಿವಾಜಿನಗರದಲ್ಲಿ ಬಟ್ಟೆಯ ಅಂಗಡಿ. ದನದ ಆಸ್ಪತ್ರೆ ಇದ್ದ ಆ ಕಡೆಯ ಗಲ್ಲಿಗಲ್ಲಿಯೂ ಅವಳಿಗೆ ಗೊತ್ತಿತ್ತು. ಬೆಕ್ಕನ್ನು ಉಳಿಸುವುದು ನಮ್ಮಲ್ಲಿ ದೊಡ್ಡ ಪುಣ್ಯ, ನೀನು ಹಿಡಿದುಕೊಂಡರೆ ಸಾಕು, ಮಿಕ್ಕಿದ್ದೆಲ್ಲ ನನಗಿರಲಿ ಎಂದು ಅವಳು ಖುಷಿಯಿಂದ ಒಪ್ಪಿದಳು.

ಬೆಳಿಗ್ಗೆ ಖುರ್ಷೀದಾ ಬುರ್ಖಾ ಹಾಕಿಕೊಂಡು, ಮುಚ್ಚಳವಿದ್ದ ಒಳ್ಳೆಯ ಬುಟ್ಟಿಯೊಂದನ್ನು ಹಿಡಿದು ಬಾಗಿಲಲ್ಲಿ ನಿಂತಳು. ಸೀತೆ ಸೀರೆ ಬದಲಿಸಿ ಸಿದ್ಧಳಾಗಿದ್ದಳು. ಬಚ್ಚಲಿಗೆ ಹೋಗಿ ಬಗ್ಗಿದಳು. ಮಾನೋ ಹಾಲು ಮುಟ್ಟಿರಲಿಲ್ಲ. ಅವಳನ್ನು ಕಂಡು ಗುರುಗುರು ಸದ್ದು ಮಾಡಿತು, ತಲೆ ಎತ್ತಲಾಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಹೊಟ್ಟೆಯೊಳಗೆ ಮಗು ಒದೆಯಿತು. ಸೀತೆಯ ಚಾಚಿದ ಕೈ ಅಲ್ಲೇ ನಿಂತಿತು. ಹೊರಗೆ ಬಂದವಳು ತನಗೇ ಗುರುತು ಸಿಗದ ದನಿಯಲ್ಲಿ ಹೇಳಿದಳು.

"ನಾಳೆ ಹೋಗೋಣ ಆಪಾ."

ಖುರ್ಷೀದಾ ಯಾಕೆ ಎಂದು ಕೇಳಲಿಲ್ಲ. ಅವಳೂ ನಾಲ್ಕು ಹೆತ್ತವಳು. ಬುಟ್ಟಿಯನ್ನು ಅಲ್ಲೇ ಇಟ್ಟು, ಬಚ್ಚಲೊಲೆಯ ಕಡೆ ಒಮ್ಮೆ ನೋಡಿ ಹೊರಟುಹೋದಳು. ಸೀತೆ ಬಾಗಿಲಿಗೆ ಒರಗಿ ನಿಂತಳು. ಗಂಡನನ್ನು ಹೇಡಿ ಅಂದುಕೊಂಡಿದ್ದಳಲ್ಲ, ಈಗ ತನ್ನನ್ನು ಏನೆಂದುಕೊಳ್ಳಬೇಕೋ ತಿಳಿಯಲಿಲ್ಲ. ಯಶೋದಮ್ಮ ಅಡಿಗೆಮನೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಮತ್ತೆ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ಮಾರನೆಯ ದಿನ ಹೆರಿಗೆ ಆಸ್ಪತ್ರೆಯಲ್ಲಿ ಸೀತೆಯನ್ನು ತೋರಿಸಬೇಕಾಗಿತ್ತು. ಯಜ್ಞನಾರಾಯಣ ರಜಾ ಹಾಕಿದ್ದ. ಬೆಕ್ಕು ರಾತ್ರಿಯೆಲ್ಲ ಅರಚಿ, ಬೆಳಗಿನ ಹೊತ್ತಿಗೆ ಸುಮ್ಮನಾಗಿತ್ತು. ಇಬ್ಬರೂ ಬಚ್ಚಲಿನ ಕಡೆ ನೋಡದೆ ಹೊರಟರು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮಗು ಚೆನ್ನಾಗಿದೆ, ಧೈರ್ಯವಾಗಿರಿ ಎಂದು ಕೆನ್ನೆ ತಟ್ಟಿ ಕಳಿಸಿದರು. ಆ ಮಾತು ಇಬ್ಬರ ಕಿವಿಗೂ ಹೋಯಿತು, ಒಳಗೆ ಇಳಿಯಲಿಲ್ಲ.

ಮನೆಗೆ ಬಂದರೆ ಮುಂಬಾಗಿಲಿಗೆ ಬೀಗ. ಅತ್ತೆ ಮನೆಗೆ ಬೀಗ ಹಾಕಿ ಹೋಗಿದ್ದನ್ನು ಸೀತೆ ಮದುವೆಯಾಗಿ ಬಂದಮೇಲೆ ನೋಡಿರಲಿಲ್ಲ. ಸೋಮೇಶ್ವರನ ಗುಡಿಗೆ ಹೋಗುವುದೂ ವರ್ಷಕ್ಕೊಮ್ಮೆ, ಅದೂ ಮಗನ ಜೊತೆ. ಹಿತ್ತಲಿನಿಂದ ಬಂದು ನೋಡಿದರು. ಬಚ್ಚಲೊಲೆ ಆರಿತ್ತು. ಮಾವಿನ ಬುಟ್ಟಿಯಲ್ಲಿ ಬರೀ ಪಂಚೆ ಇತ್ತು. ಬೆಕ್ಕಿರಲಿಲ್ಲ. ಖುರ್ಷೀದಾ ಬಿಟ್ಟುಹೋಗಿದ್ದ ಮುಚ್ಚಳದ ಬುಟ್ಟಿಯೂ ಇರಲಿಲ್ಲ.

ಅಮ್ಮ ಕೆರೆಯ ಕಡೆ ಬಿಟ್ಟುಬಂದಿರುತ್ತಾಳೆ ಎಂದ ಯಜ್ಞನಾರಾಯಣ ಮೆಲ್ಲಗೆ. ಸಾಯುವ ಬೆಕ್ಕು ಮನೆಯೊಳಗೆ ಸಾಯಬಾರದು ಎಂದು. ಅಥವಾ ಸತ್ತೇಹೋಗಿರಬೇಕು. ಸೀತೆ ಆ ಖಾಲಿ ಬುಟ್ಟಿಯನ್ನು ನೋಡಿದಳು. ಅವಳ ಮೈ ಹಗುರವಾಯಿತು. ಸದ್ಯ, ಇನ್ನು ಯಾರೂ ಏನನ್ನೂ ತೀರ್ಮಾನಿಸಬೇಕಾಗಿಲ್ಲ ಎಂದು ಒಂದು ನಿಟ್ಟುಸಿರು ಬಂದೇಬಿಟ್ಟಿತು. ಮರುಗಳಿಗೆ ಆ ನಿಟ್ಟುಸಿರು ತನ್ನದೇ ಎಂದು ಗೊತ್ತಾದಾಗ ಅವಳಿಗೆ ಸಿಡಿಲು ಬಡಿದಂತಾಯಿತು. ಎತ್ತಿ ತಂದವಳು ತಾನು. ಗಾಯಕ್ಕೆ ಅರಿಶಿನ ಹಚ್ಚಿದವಳು ತಾನು. ಅದು ಸತ್ತಿತೆಂದು ಖುಷಿಪಟ್ಟವಳೂ ತಾನೇ. ಒಲೆಯ ಕಟ್ಟೆಯ ಮೇಲೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹೊರಗೆ ಆಟೋ ನಿಂತ ಸದ್ದಾಯಿತು. ಇಬ್ಬರೂ ಮುಂದಿನ ಅಂಗಳಕ್ಕೆ ಓಡಿಬಂದರು. ಎದುರುಮನೆಯ ಕಿಟಕಿಗಳಲ್ಲಿ ಆಗಲೇ ಮುಖಗಳು ಕಂಡಿದ್ದವು.

ಮೊದಲು ಇಳಿದವಳು ಖುರ್ಷೀದಾ. ಅವಳು ಕೈಕೊಟ್ಟು ಇಳಿಸಿದ್ದು ಯಶೋದಮ್ಮನನ್ನು. ಸೊಸೆಯ ಸೆರಗು ಸೋಕಿದರೆ ಮೀಯುವ ಯಶೋದಮ್ಮ ಖುರ್ಷೀದಾಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡು ಇಳಿದರು. ಕೆಂಪು ಸೀರೆಯ ಮುಂಭಾಗವೆಲ್ಲ ಒದ್ದೆಯಾಗಿ ಕಪ್ಪಗಾಗಿತ್ತು. ಎರಡು ಮುಂಗೈಗಳ ಮೇಲೂ ಮೊಣಕೈಯವರೆಗೆ ಉಗುರಿನ ಗೆರೆಗಳು. ಬಲಗೈಯ ಹೆಬ್ಬೆರಳಿಗೆ ಆಸ್ಪತ್ರೆಯ ಬಟ್ಟೆ ಸುತ್ತಿತ್ತು. ಮುಚ್ಚಳದ ಬುಟ್ಟಿಯನ್ನು ಅವರು ಯಾರಿಗೂ ಕೊಡಲಿಲ್ಲ. ತಾವೇ ಹಿಡಿದು, ಕಾಲು ಎಳೆಯುತ್ತ ಬಂದು ಜಗಲಿಯ ಮೇಲಿಟ್ಟರು.

ಸೀತೆ ಮುಚ್ಚಳ ತೆಗೆದಳು. ಮಾನೋ ಸುರುಳಿಸುತ್ತಿಕೊಂಡು ಮಲಗಿತ್ತು. ಬಾಲವಿದ್ದ ಜಾಗದಲ್ಲಿ ಬಿಳಿ ಬಟ್ಟೆಯ ಒಂದು ಗಂಟು. ಹೊಟ್ಟೆ ಏರುತ್ತ ಇಳಿಯುತ್ತ ಇತ್ತು. ಆ ಕೊಳೆತ ವಾಸನೆ ಹೋಗಿತ್ತು.

ನಡೆದದ್ದನ್ನು ಹೇಳಿದವಳು ಖುರ್ಷೀದಾ. ಅವಳಿಗಿನ್ನೂ ನಂಬಿಕೆ ಬಂದಿರಲಿಲ್ಲ, ಮಾತಿನ ಮಧ್ಯೆ ಮಧ್ಯೆ ಯಶೋದಮ್ಮನನ್ನೇ ನೋಡುತ್ತಿದ್ದಳು. ಸೀತೆ ಗೇಟು ದಾಟುವುದನ್ನೇ ಕಾದಿದ್ದವರ ಹಾಗೆ ಈ ಅಮ್ಮ ಗೋಡೆಯ ಹತ್ತಿರ ಬಂದು, ದಂಡಿಗೆ ದಾರಿ ತೋರಿಸು ಬಾ ಎಂದು ಕರೆದರಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಎತ್ತಿಕೊಂಡಾಗ, ಸ್ವಲ್ಪ ತಡೆಯಿರಿ ಎಂದು ಒಂದು ಲೋಟ ನೀರು ಕೇಳಿದರಂತೆ. ಕುಡಿಯಲು ಎಂದು ತಂದುಕೊಟ್ಟರೆ, ಅಂಗೈಗೆ ಸುರಿದುಕೊಂಡು, ಕಣ್ಣು ಮುಚ್ಚಿ ಏನೋ ಹೇಳಿ, ಆ ನೀರನ್ನು ಬೆಕ್ಕಿನ ತಲೆಯ ಮೇಲೆ ಬಿಟ್ಟರಂತೆ. ಡಾಕ್ಟರು ಸೂಜಿ ಹಿಡಿದೇ ಕಾದರಂತೆ. ಆಮೇಲೆ ಕೊನೆಯವರೆಗೂ ಬೆಕ್ಕನ್ನು ಹಿಡಿದುಕೊಂಡಿದ್ದರು, ಅದು ಕಚ್ಚಿದರೂ ಬಿಡಲಿಲ್ಲ, ಕತ್ತರಿ ಆಡಿದಾಗ ಕಣ್ಣನ್ನೂ ಮುಚ್ಚಲಿಲ್ಲ ಎಂದಳು ಖುರ್ಷೀದಾ.

"ಗಂಡಂಗೆ ಆಗ್ಬಾರ್ದು, ಬಸುರಿಗೆ ಆಗ್ಬಾರ್ದು," ಎಂದರು ಯಶೋದಮ್ಮ ಜಗಲಿಗೆ ಒರಗಿ. "ನಂಗೇನು ನಿಷೇಧ ಇದೆ? ನಾನು ಹೆರೋದೆಲ್ಲ ಮುಗ್ದಿದೆ."

ಆ ನೀರು ಯಾಕೆ ಬಿಟ್ಟಿರಿ ಎಂದು ಸೀತೆ ಕೇಳಿದಳು. 

"ಧಾರೆ ಎರೆದೆ. ಮಂತ್ರ ಬರಲ್ಲ, ಕನ್ನಡದಲ್ಲೇ ಹೇಳ್ದೆ. ನನ್ನ ಮಗನಿಂದ ನಿಂಗೆ ನೋವಾಯ್ತು, ಸೊಸೆ ಏನೋ ಅಂದ್ಬಿಟ್ಳು, ಅದನ್ನ ಆ ಕೂಸಿನ ಮೇಲೆ ತೀರಿಸ್ಕೋಬೇಡ. ಬದಲಿಗೆ ನನ್ನ ಏಕಾದಶಿಗಳನ್ನ ತಗೋ ಅಂತ."

 ಯಶೋದಮ್ಮ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವರು, ಆಗ ಯಜ್ಞನಾರಾಯಣ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅಂದಿನಿಂದ ಇಂದಿನವರೆಗೆ ಪಕ್ಷಕ್ಕೊಂದು ಏಕಾದಶಿ ತಪ್ಪಿಸಿದವರಲ್ಲ. ಅವತ್ತು ಗುಟುಕು ನೀರೂ ಇಲ್ಲ. ಜ್ವರದಲ್ಲಿ, ಬೇಸಿಗೆಯಲ್ಲಿ, ಊರವರ ಮದುವೆಯ ಅಡಿಗೆ ಮಾಡಿ ಮಗನನ್ನು ಓದಿಸುತ್ತಿದ್ದ ದಿನಗಳಲ್ಲಿ, ಹೊಗೆಯ ಮುಂದೆ ನಿಂತು ಪಾಯಸ ಕಲಕುವಾಗಲೂ ತುಟಿ ಒದ್ದೆ ಮಾಡಿಕೊಂಡಿರಲಿಲ್ಲ. ಅವರಿಗೆ ಒಡವೆ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ, ತೌರು ಇರಲಿಲ್ಲ. ಇಡೀ ಬದುಕಿನಲ್ಲಿ ತನ್ನದು ಅಂತ ಕೂಡಿಟ್ಟುಕೊಂಡದ್ದು ಆ ಉಪವಾಸಗಳ ಪುಣ್ಯ ಒಂದೇ. ಹೋಗುವಾಗ ಅದೊಂದು ಜೊತೆಗಿದ್ದರೆ ಸಾಕು ಎಂದು ಅವರು ಹೇಳುವುದನ್ನು ಸೀತೆ ಎಷ್ಟು ಸಲ ಕೇಳಿದ್ದಳೋ.

"ಎಲ್ಲಾನೂನಾ ಅತ್ತೆ?"

"ಮತ್ತೆ? ಅದು ಮೈಯಲ್ಲಿರೋದನ್ನೇ ಕಳ್ಕೊಂಡಿದೆ. ಅದಕ್ಕೆ ಅರ್ಧಂಬರ್ಧ ಕೊಟ್ರೆ ತೃಪ್ತಿ ಆಗತ್ತಾ, ನಿಮ್ಮನ್ನ ಬಿಡತ್ತಾ?"

ಯಜ್ಞನಾರಾಯಣ ಬಾಯಿ ತೆರೆದ. ಪಾಪವೂ ಇಲ್ಲ ಪುಣ್ಯವೂ ಇಲ್ಲ ಅಮ್ಮ, ಎಲ್ಲ ಸುಳ್ಳು ಎಂದು ಹೇಳಬೇಕೆಂದಿದ್ದನೋ ಏನೋ. ಹಾಗೆ ಹೇಳಿದರೆ ತಾಯಿಯ ಒಣಗಿದ ಗಂಟಲಿನ ಅಷ್ಟೂ ದಿನಗಳು ಸುಳ್ಳಾಗುತ್ತಿದ್ದವು. ಇದೆ ಎಂದರೆ ಅವನು ತಾಯಿಯನ್ನು ಬರಿಗೈ ಮಾಡಿದಂತಾಗುತ್ತಿತ್ತು.  ಮುಂದೆ ಬಂದು ತಾಯಿಯ ಕಾಲು ಮುಟ್ಟಲು ಬಗ್ಗಿದಾಗ ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಮುಟ್ಬೇಡ, ಮೈಲಿಗೆ ಆಗಿದೀನಿ. ನೀರು ಸೇದಿ ತಲೆ ಮೇಲೆ ಹಾಕು."

ಅವನು ತಾಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಾವಿಯಿಂದ ಸೇದಿ ಸೇದಿ ಅವರ ತಲೆಯ ಮೇಲೆ ಸುರಿದ. ಕೆಂಪು ನೀರು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹರಿಯಿತು. ಅಷ್ಟು ಚಳಿಯಲ್ಲೂ ಸಾಕು ಎಂದು ಅವರು ಹೇಳಲಿಲ್ಲ, ಅವನೂ ನಿಲ್ಲಿಸಲಿಲ್ಲ. ಖುರ್ಷೀದಾ ಬೆಕ್ಕನ್ನು ಒಲೆಯ ಪಕ್ಕಕ್ಕೆ ಸೇರಿಸಿ ತಟ್ಟೆಯಲ್ಲಿ ಹಾಲಿಟ್ಟಳು. ಅದು ತಲೆ ಎತ್ತಿ, ಮೂಗು ಮುಂದೆ ಮಾಡಿ, ನಿಧಾನವಾಗಿ ನೆಕ್ಕತೊಡಗಿತು.

ಸೀತೆ ಒಣಗಿದ ಮಡಿ ಸೀರೆಯನ್ನು ಕೋಲಿನಲ್ಲಿ ಎತ್ತಿ ತಂದು ನಿಂತಿದ್ದಳು. ಯಶೋದಮ್ಮ ನಡುಗುತ್ತ, ಕಣ್ಣಿಗಿಳಿದ ನೀರನ್ನು ಅಂಗೈಯಲ್ಲಿ ಒರೆಸಿಕೊಂಡು, ಇವತ್ತು ತಿಥಿ ಯಾವುದು ಎಂದು ಕೇಳಿದರು. ನವಮಿ ಎಂದಳು ಸೀತೆ.

"ಹಾಗಾದ್ರೆ ನಾಡಿದ್ದು ವೈಕುಂಠ ಏಕಾದಶಿ," ಎಂದರು ಯಶೋದಮ್ಮ. "ಅದೇ ನಂಗೆ ಮೊದಲ್ನೇದು."